ಬೆಣ್ಣೆ ವ್ಯಾಪಾರಿ ಹಿಡಿದ ಸುಂಕದ ದಾರಿ

“ಬುದ್ಧಿ, ದುಡ್ಡು ಕಟ್ಟಿ ಬೈಪಾಸಲ್ಲಿ ಹೋಗೋದು ಲಾಭಾನೋ, ಹಳೇ ರಸ್ತೇಲಿ ಹೋಗೋದು ಲಾಭಾನೋ? ನೀವೇ ಒಂದು ಮಾತು ಹೇಳ್ಬಿಡಿ” ಎಂದು ಗುರುಪಾದ ಕೇಳಿದ.

ಗುರುಪಾದ ಮಠದ ಶಿಷ್ಯ. ಮಠದ ವ್ಯಾನು ಓಡಿಸುವವನೂ ಅವನೇ. ಪ್ರತಿ ಮಂಗಳವಾರ ಪೇಟೆಗೆ ಹೋಗಿ ದಾಸೋಹಕ್ಕೆ ಬೇಕಾದ ದಿನಸಿ ತರುವುದು ಅವನ ಕೆಲಸ. ಎರಡು ತಿಂಗಳಿಂದ ಅವನು ಹಳೆಯ ರಸ್ತೆ ಬಿಟ್ಟು ಟೋಲ್ ಇರುವ ಬೈಪಾಸ್ ಹಿಡಿದಿದ್ದ. ಟೋಲ್ ಚೀಟಿ ಕಂಡಾಗಲೆಲ್ಲ ಮಠದ ಪಾರುಪತ್ತೇಗಾರರು ಸಿಡುಕುತ್ತಿದ್ದರು. ಗುರುಪಾದನೂ ಬಿಡದೆ ಎದುರುತ್ತರ ಕೊಡುತ್ತಿದ್ದ. ಅಡಿಗೆಮನೆಯವರು ಎರಡು ಪಂಗಡವಾಗಿದ್ದರು. ಊಟದ ಪಂಕ್ತಿಯಲ್ಲೂ ಇದೇ ಮಾತು, ಪೂಜೆಯ ಹೂವು ಬಿಡಿಸುವಾಗಲೂ ಇದೇ ಮಾತು. ಮೂರು ದಿನದಿಂದ ಕೇಳಿ ಕೇಳಿ ಸ್ವಾಮಿಗಳಿಗೆ ಸಾಕುಸಾಕಾಗಿತ್ತು.

“ಬೈಪಾಸಲ್ಲಿ ಹೋದರೆ ಎಷ್ಟು ಹೊತ್ತು ಉಳಿಯುತ್ತೆ?” ಎಂದು ಕೇಳಿದರು.

“ಹೋಗ್ತಾ ನಲವತ್ತು ನಿಮಿಷ, ಬರ್ತಾ ನಲವತ್ತು ನಿಮಿಷ ಬುದ್ಧಿ.”

“ಉಳಿದ ಹೊತ್ತಲ್ಲಿ ಏನು ಮಾಡ್ತೀಯ?”

ಗುರುಪಾದ ಈ ಪ್ರಶ್ನೆಗೆ ಮೊದಲೇ ಉತ್ತರ ಹುಡುಕಿಕೊಂಡು ಬಂದಿದ್ದ. “ವ್ಯಾನು ತೊಳೀತೀನಿ ಬುದ್ಧಿ” ಎಂದ.

ಸ್ವಾಮಿಗಳು ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. “ಕೂತ್ಕೋ” ಎಂದರು. ಅವನು ಕೂತ ಮೇಲೆ ಹೇಳತೊಡಗಿದರು.

ಒಬ್ಬ ಬೆಣ್ಣೆ ವ್ಯಾಪಾರಿ ಇದ್ದ. ಹಟ್ಟಿಯಿಂದ ಹಟ್ಟಿಗೆ ತಿರುಗಿ ಬೆಣ್ಣೆ ಕೊಳ್ಳುತ್ತಿದ್ದ. ಕೊಂಡ ಬೆಣ್ಣೆಯನ್ನು ಉಂಡೆ ಕಟ್ಟಿ, ತಣ್ಣೀರು ತುಂಬಿದ ಮಡಕೆಗಳಲ್ಲಿ ತೇಲಿಬಿಟ್ಟು, ವಾರಕ್ಕೊಮ್ಮೆ ಗಾಡಿ ಕಟ್ಟಿಕೊಂಡು ಪೇಟೆಯ ಸಂತೆಗೆ ಹೋಗುತ್ತಿದ್ದ. ವಾರಕ್ಕೆ ಹನ್ನೆರಡು ಮಡಕೆ. ಹನ್ನೆರಡನ್ನೂ ಕೊಳ್ಳುವವನು ಒಬ್ಬನೇ, ಪೇಟೆಯ ಛತ್ರದ ಅಡಿಗೆಯವನು. ವ್ಯಾಪಾರಿಯ ಮನೆಯ ಒಲೆ ಉರಿಯುತ್ತಿದ್ದುದು ಈ ಒಬ್ಬ ಗಿರಾಕಿಯಿಂದ. ಅಡಿಗೆಯವನಿಗೆ ಬೇರೆ ಯಾವ ತಕರಾರೂ ಇರಲಿಲ್ಲ. ಬೆಣ್ಣೆ ಗಟ್ಟಿ ಇರಬೇಕು, ಅಷ್ಟೇ. ಬೆರಳಿಟ್ಟು ನೋಡುತ್ತಿದ್ದ. ಬೆರಳು ನಿಂತರೆ ಕೊಳ್ಳುತ್ತಿದ್ದ, ಜಾರಿದರೆ ಮುಖ ಸಿಂಡರಿಸುತ್ತಿದ್ದ.

ಪೇಟೆಗೆ ಇದ್ದದ್ದು ಒಂದೇ ದಾರಿ. ಅದು ಗುಡ್ಡವನ್ನು ಸುತ್ತಿ ಬಳಸಿ ಹೋಗುತ್ತಿತ್ತು. ಬೆಳ್ಳಿ ಮೂಡಿದಾಗ ಗಾಡಿ ಕಟ್ಟಿದರೆ ಬಿಸಿಲು ಚುರುಗುಟ್ಟುವ ಮೊದಲು ಸಂತೆ ಸೇರಬಹುದಿತ್ತು. ದಾರಿಯ ನಡುವೆ ಒಂದು ಆಲದ ಮರದ ತಿರುವು. ಅಲ್ಲಿ ಸಂತೆಯ ತೂಕದವನು ಕಾದು ಕೂತಿರುತ್ತಿದ್ದ.

ಆ ಸಂತೆಗೆ ಒಂದು ಕಟ್ಟಳೆ ಇತ್ತು. ತೂಗಿ ಮಾರುವ ಸರಕನ್ನು ಯಾರೂ ತಮ್ಮ ತಮ್ಮ ತಕ್ಕಡಿಯಲ್ಲಿ ತೂಗುವಂತಿರಲಿಲ್ಲ. ಸಂತೆಗೆಲ್ಲ ಒಂದೇ ತಕ್ಕಡಿ, ಐದೇ ಕಲ್ಲು, ಒಬ್ಬನೇ ತೂಕದವನು. ಅವನು ಬಂದು ತಕ್ಕಡಿ ಕಟ್ಟುವ ತನಕ ಒಂದು ಚಿಟಿಕೆ ಜೀರಿಗೆಯೂ ಕೈ ಬದಲಿಸುತ್ತಿರಲಿಲ್ಲ. ಅವನು ಪೇಟೆಯಲ್ಲಿ ವಾಸ ಇರಬಾರದು, ಸಂತೆಯ ಹಿಂದಿನ ರಾತ್ರಿ ಪೇಟೆಯಲ್ಲಿ ತಂಗಬಾರದು, ಪೇಟೆಯವರ ಮನೆಯ ನೀರನ್ನೂ ಕುಡಿಯಬಾರದು. ಉಪ್ಪು ತಿಂದವನ ಕೈ ತಿಂದ ಮನೆಯ ಕಡೆಗೇ ವಾಲುತ್ತದೆ ಎಂದು ಹಿರಿಯರು ಮಾಡಿದ್ದ ಏರ್ಪಾಡು ಅದು. ಅವನಿಗಾಗಿ ಯಾರೂ ಬಾಡಿಗೆ ಗಾಡಿ ಮಾಡುವಂತೆಯೂ ಇರಲಿಲ್ಲ. ಹೇಗೂ ಸಂತೆಗೆ ಹೊರಟ ಗಾಡಿಯಲ್ಲಿ ಒಂದಿಷ್ಟು ಜಾಗ ಸಿಕ್ಕರೆ ಕೂರಬಹುದಿತ್ತು. ಎಲ್ಲರಿಗಿಂತ ಮೊದಲು ಬರುವುದು ಬೆಣ್ಣೆಯ ಗಾಡಿ. ಆದ್ದರಿಂದ ಹನ್ನೊಂದು ವರ್ಷ ಅವನು ಕೂತದ್ದು ಬೆಣ್ಣೆಯ ಗಾಡಿಯಲ್ಲೇ.

ಈ ಹನ್ನೊಂದು ವರ್ಷ ವ್ಯಾಪಾರಿ ಹೇಗೆ ಸಹಿಸಿಕೊಂಡನೋ ದೇವರೇ ಬಲ್ಲ. ತೂಕದವನು ಕೆಟ್ಟವನಲ್ಲ. ಆದರೆ ಬಾಯಿ ಮುಚ್ಚಿದವನಲ್ಲ. ಅವನ ತಾತ ಒಮ್ಮೆ ಅರಿಶಿನ ತೂಗುವಾಗ ತಕ್ಕಡಿಯ ಕೆಳಗೆ ಅಂಟಿಸಿದ್ದ ಮೇಣವನ್ನು ಪತ್ತೆ ಮಾಡಿದ್ದನಂತೆ. ಆ ಕತೆ ಆಲದ ಮರದಿಂದ ಶುರುವಾದರೆ ಸಂತೆಯ ಬಾಗಿಲಿಗೆ ಮುಗಿಯುತ್ತಿತ್ತು. ಮುಂದಿನ ವಾರ ಮತ್ತೆ ಅದೇ ಅರಿಶಿನ, ಅದೇ ಮೇಣ, ಅದೇ ತಾತ. ಸಾಲದ್ದಕ್ಕೆ ಅವನ ಕಲ್ಲುಗಳು ಗಾಡಿ ಕುಲುಕಿದಾಗಲೆಲ್ಲ ಮಡಕೆಗಳಿಗೆ ತಾಗುತ್ತಿದ್ದವು. ಒಂದು ಸಲ ಒಂದು ಮಡಕೆ ಬಿರುಕು ಬಿಟ್ಟೂ ಇತ್ತು. ವ್ಯಾಪಾರಿ ಹಲ್ಲು ಕಚ್ಚಿಕೊಂಡು ಎತ್ತಿನ ಬಾಲ ತಿರುಚುತ್ತಿದ್ದ. ಪಾಪ, ಎತ್ತು ಏನು ಮಾಡಿತ್ತು?

ಹೀಗಿರುವಾಗ ಆ ಸೀಮೆಯ ಪಾಳೆಯಗಾರ ಗುಡ್ಡವನ್ನು ನಡುವೆ ಕಡಿಸಿ ನೇರವಾಗಿ ಒಂದು ಹೊಸ ದಾರಿ ಮಾಡಿಸಿದ. ಆ ದಾರಿಯ ಬಾಯಲ್ಲಿ ಒಂದು ಸುಂಕದ ಕಟ್ಟೆ ಕಟ್ಟಿಸಿದ. ಗಾಡಿಗೆ ಮೂರು ದುಡ್ಡು ಸುಂಕ. ಆದರೆ ಹಳೆಯ ದಾರಿಗಿಂತ ಅರ್ಧ ಹೊತ್ತಿನಲ್ಲಿ ಪೇಟೆ.

ಮೊದಲ ವಾರ ವ್ಯಾಪಾರಿ, ಆಲದ ಮರ ಸಿಗುವ ಮೊದಲೇ ದಾರಿ ಕವಲೊಡೆಯುವಲ್ಲಿ ಗಾಡಿ ನಿಲ್ಲಿಸಿದ. ಮೂರು ದುಡ್ಡು ಹೋದರೆ ಹೋಗಲಿ, ಬೆಣ್ಣೆ ತಂಪಾಗಿರುವಾಗಲೇ ಪೇಟೆ ಸೇರುತ್ತದೆ ಎಂದುಕೊಂಡ. ತೂಕದವನ ನೆನಪೂ ಬಂತು. ಬರಲಿಲ್ಲ ಎಂದಲ್ಲ. ಹಿಂದೆ ಯಾವುದೋ ಗಾಡಿ ಬರುತ್ತದೆ, ಅವನು ಹತ್ತಿಕೊಳ್ಳುತ್ತಾನೆ, ತೂಕದವನನ್ನು ಹೊರುವ ಹರಕೆ ನಾನೊಬ್ಬನೇ ಹೊತ್ತಿದ್ದೇನೆಯೇ ಎಂದುಕೊಂಡ. ಅರಿಶಿನದ ಕತೆ ಇನ್ನು ಕೇಳಬೇಕಾಗಿಲ್ಲ ಎಂದು ಹೊಳೆದ ಕೂಡಲೇ ಅವನ ಮೈ ಹಗುರಾಯಿತು. ಸುಂಕದವನಿಗೆ ಮೂರು ದುಡ್ಡು ಎಣಿಸಿಕೊಟ್ಟು ಹೊಸ ದಾರಿಗೆ ಎತ್ತುಗಳನ್ನು ತಿರುಗಿಸಿದ.

ಬೆಳಕು ಹರಿಯುವುದರೊಳಗೆ ಸಂತೆಯಲ್ಲಿದ್ದ. ಅವನಷ್ಟು ಬೇಗ ಅಲ್ಲಿಗೆ ಯಾರೂ ಬಂದದ್ದಿಲ್ಲ. ನೆರಳು ಬೀಳುವ ಕಡೆ ಗೋಡೆಯ ಪಕ್ಕ ಗಾಡಿ ಬಿಟ್ಟು, ಮೀಸೆ ತಿರುವಿಕೊಂಡು, ತೂಕದವನು ಬರಲಿ ಎಂದು ಕಾದ. ಬೆಳಕು ಹರಿಯಿತು, ತೂಕದವನಿಲ್ಲ. ಬಿಸಿಲು ಗೋಡೆ ಏರಿತು, ತೂಕದವನಿಲ್ಲ. ಗೋಡೆಯ ನೆರಳು ಗಾಡಿಯಿಂದ ಜಾರಿ, ಚಕ್ರದ ಕೆಳಗೆ ಸೇರಿ, ಇಲ್ಲವಾಯಿತು. ಮಡಕೆಯ ನೀರು ಬೆಚ್ಚಗಾಯಿತು. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ತೂಕದವನು ಬೆವರು ಸುರಿಸಿಕೊಂಡು, ಕಲ್ಲಿನ ಚೀಲ ಹೊತ್ತುಕೊಂಡು ಬಂದ. ಎಲ್ಲರೂ ಅವನಿಗೆ ಬೈದರು. ಎಲ್ಲರಿಗಿಂತ ಜೋರಾಗಿ ಬೈದವನು ಬೆಣ್ಣೆಯವನು. ಅಡಿಗೆಯವನು ಬೆರಳಿಟ್ಟು ನೋಡಿ, “ಇದೇನಯ್ಯ, ಮೆತ್ತಗಿದೆ” ಎಂದು ಗೊಣಗಿಕೊಂಡೇ ಕೊಂಡ.

ಮುಂದಿನ ವಾರ ವ್ಯಾಪಾರಿ ಇನ್ನೂ ಬೇಗ ಹೊರಟ. ಬೇಗ ಹೊರಟದ್ದರಿಂದ ಬೇಗ ಮುಟ್ಟಿದ. ಬೇಗ ಮುಟ್ಟಿದ್ದರಿಂದ ಹೆಚ್ಚು ಕಾದ. ತೂಕದವನು ಮಾತ್ರ ಮತ್ತೆ ಮಧ್ಯಾಹ್ನಕ್ಕೇ ಬಂದ. ಮೂರನೆಯ ವಾರ ವ್ಯಾಪಾರಿ ಒದ್ದೆ ಗೋಣಿ ತಂದು ಮಡಕೆಗಳಿಗೆ ಹೊದಿಸಿದ. ನಾಲ್ಕನೆಯ ವಾರ ತೆಂಗಿನ ಗರಿಯ ಚಪ್ಪರ ಹಾಕಿಸಿದ. ಸಂತೆಯ ಎತ್ತೊಂದು ಚಪ್ಪರದ ಗರಿ ತಿಂದಿತು. ಅಷ್ಟರಲ್ಲಿ ಬೆಲ್ಲದವನು, ಹುಣಸೆಹಣ್ಣಿನವನು, ಮೆಣಸಿನಕಾಯಿಯವನು ಎಲ್ಲರೂ ಬೆಣ್ಣೆಯವನನ್ನು ನೋಡಿ ಹೊಸ ದಾರಿ ಹಿಡಿದಿದ್ದರು. ಎಲ್ಲರೂ ಸುಂಕ ಕಟ್ಟಿದರು, ಎಲ್ಲರೂ ಬೇಗ ಬಂದರು, ಎಲ್ಲರೂ ಬಿಸಿಲಲ್ಲಿ ಕೂತು ತೂಕದವನ ಏಳು ತಲೆಮಾರನ್ನು ಬೈದರು. ಸಂತೆ ನೆರೆದಿತ್ತು, ಸರಕಿತ್ತು, ಗಿರಾಕಿಗಳಿದ್ದರು. ವ್ಯಾಪಾರ ಮಾತ್ರ ಇರಲಿಲ್ಲ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆದರು ಎಂಬ ಗಾದೆ ಇದೆ. ಇವರು ಅಲೆಯಲೂ ಇಲ್ಲ, ಬೆಣ್ಣೆ ಇಟ್ಟುಕೊಂಡು ಸುಮ್ಮನೆ ಕೂತರು.

ವ್ಯಾಪಾರಿ ಸಿಟ್ಟನ್ನು ಒಂದು ದಿನ ಸುಂಕದವನ ಮೇಲೆ ತೀರಿಸಿಕೊಳ್ಳಲು ನೋಡಿದ. “ಹೊತ್ತು ಉಳಿಯುತ್ತೆ ಅಂತ ದುಡ್ಡು ಕೊಟ್ಟೆ. ಎಲ್ಲಿ ಉಳೀತು? ತೋರ್ಸು” ಎಂದು ಕೇಳಿದ.

“ನಾನು ಸುಂಕ ತಗೊಳ್ಳೋದು ದಾರಿಗೆ ಸ್ವಾಮಿ, ಹೊತ್ತಿಗಲ್ಲ. ಮೂರು ದುಡ್ಡು ಇಡಿ, ಹಿಂದೆ ಗಾಡಿ ನಿಂತಿವೆ” ಎಂದ ಸುಂಕದವನು.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಇನ್ನೇನಾಗುತ್ತದೆ? ವ್ಯಾಪಾರಿ ದುಡ್ಡು ಇಟ್ಟು ಮುಂದೆ ಹೋದ.

ಐದನೆಯ ವಾರ ಅಡಿಗೆಯವನು ಮಡಕೆಗೆ ಬೆರಳಿಟ್ಟ. ಬೆರಳು ಗಿಣ್ಣಿನ ತನಕ ಇಳಿಯಿತು. ಅವನು ಬೆರಳನ್ನು ವ್ಯಾಪಾರಿಯ ಮುಖದ ಮುಂದೆ ಹಿಡಿದು, “ಇನ್ನೊಂದು ವಾರ ನೋಡ್ತೀನಿ. ಆಮೇಲೆ ನನ್ನ ದಾರಿ ನನಗೆ” ಎಂದ.

ಆ ವಾರವೆಲ್ಲ ವ್ಯಾಪಾರಿಗೆ ಅನ್ನ ಸೇರಲಿಲ್ಲ. ಹೆಂಡತಿ ಏನು ಕೇಳಿದರೂ ಸಿಡುಕಿದ. ಗಿರಾಕಿ ಹೋದರೆ ಮನೆ ಹೋಯಿತು ಎಂದು ಅವನಿಗೆ ಗೊತ್ತಿತ್ತು. ಯೋಚಿಸಿ ಯೋಚಿಸಿ ಒಂದು ತೀರ್ಮಾನಕ್ಕೆ ಬಂದ. ಇದಕ್ಕೆಲ್ಲ ಕಾರಣ ತೂಕದವನ ಸೋಮಾರಿತನ. ಅವನಿಗೆ ವಯಸ್ಸಾಗಿದೆ, ಹಾಸಿಗೆ ಬಿಟ್ಟು ಏಳುವುದಿಲ್ಲ. ಅವನನ್ನು ತೆಗೆದುಹಾಕಿ ಬೇರೆಯವನನ್ನು ಇಡಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವವರ ಬುದ್ಧಿ ಹೀಗೇ ಓಡುವುದು. ಐದು ವಾರದಿಂದ ತೂಕದವನು ನಡೆದೇ ಬರುತ್ತಿದ್ದುದನ್ನು ವ್ಯಾಪಾರಿ ಕಣ್ಣಾರೆ ಕಂಡಿದ್ದ. ಯಾಕೆ ನಡೆದು ಬಂದ ಎಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲ. ಹೊತ್ತು ಉಳಿಸಲು ಹೊರಟವನಿಗೆ ಅಷ್ಟು ಯೋಚಿಸಲು ಹೊತ್ತೆಲ್ಲಿ?

ಆರನೆಯ ವಾರ ಅವನು ನೇರವಾಗಿ ಸಂತೆಯ ಯಜಮಾನನ ಬಳಿಗೆ ಹೋದ. ದೂರು ಹೇಳಿದ. ಯಜಮಾನ ಕೇಳಿಸಿಕೊಂಡು, “ತೂಕದವನ ಮೇಲೆ ದೂರಿದ್ದರೆ ಅವನ ದೊಡ್ಡ ಕಲ್ಲನ್ನ ಕೈಯಲ್ಲಿ ಹಿಡಿದು, ಅವನ ಎದುರಿಗೇ ಹೇಳಬೇಕು. ಕಟ್ಟಳೆ ಗೊತ್ತಲ್ಲ?” ಎಂದ.

“ಹಿಡೀತೀನಿ. ಬೇಕಾದರೆ ಐದನ್ನೂ ಹಿಡೀತೀನಿ” ಎಂದ ವ್ಯಾಪಾರಿ.

ಮಧ್ಯಾಹ್ನಕ್ಕೆ ತೂಕದವನು ಬಂದ. ಚೀಲ ಇಳಿಸಿ, ತಕ್ಕಡಿ ಕಟ್ಟಿದ. ಯಜಮಾನ ದೊಡ್ಡ ಕಲ್ಲನ್ನು ತೆಗೆದು ವ್ಯಾಪಾರಿಯ ಎರಡು ಕೈಗೆ ಕೊಟ್ಟ. ಸಂತೆಯೆಲ್ಲ ಸುತ್ತ ನೆರೆಯಿತು. ಛತ್ರದ ಅಡಿಗೆಯವನೂ ಬಂದು ನಿಂತ. ವ್ಯಾಪಾರಿ ಶುರು ಮಾಡಿದ. ಮೊದಲ ವಾರದಿಂದ ಹಿಡಿದು ಒಂದೊಂದನ್ನೂ ಬಿಡದೆ ಹೇಳಿದ. ಕರಗಿದ ಬೆಣ್ಣೆ ಹೇಳಿದ, ಒದ್ದೆ ಗೋಣಿ ಹೇಳಿದ, ಎತ್ತು ತಿಂದ ಚಪ್ಪರ ಹೇಳಿದ. ಹೇಳಬೇಕಾದ್ದು ಇನ್ನೂ ಇತ್ತು. ಆದರೆ ಭಾರ ತಡೆಯಲಾಗಲಿಲ್ಲ. ಕಲ್ಲು ಕೈಯಿಂದ ಎದೆಗೆ, ಎದೆಯಿಂದ ಹೊಟ್ಟೆಗೆ ಇಳಿಯಿತು. ಕೊನೆಗೆ ಅವನು, “ಇವನಿಂದ ನಾನು ಹಾಳಾದೆ” ಎಂದು ಹೇಳಿ ಅದನ್ನು ನೆಲಕ್ಕೆ ಇಟ್ಟುಬಿಟ್ಟ.

ತೂಕದವನು ಹೆಗಲ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡ. ಅವನ ಮಾತು ಯಾವಾಗಲೂ ಉದ್ದ. ಅಂದು ಉದ್ದವಿರಲಿಲ್ಲ.

“ಮೊದಲ ವಾರ ನಾನು ಎಂದಿನ ಹೊತ್ತಿಗೇ ಆಲದ ಮರದ ಕೆಳಗೆ ಬಂದು ಕೂತೆ ಸಾವ್ಕಾರ್ರೇ. ನಿಮ್ಮ ಗಾಡಿ ಬರಲಿಲ್ಲ. ಬಂದ ಬೇರೆ ಗಾಡಿಗಳಲ್ಲಿ ಮೂಟೆ ತುಂಬಿ ಕೂರೋಕೆ ಜಾಗ ಇರಲಿಲ್ಲ. ಬಿಸಿಲು ಏರೋ ತನಕ ನೋಡಿ, ಆಮೇಲೆ ಕಲ್ಲು ಹೊತ್ಕೊಂಡು ನಡೆದೆ. ಇಲ್ಲಿ ಬಂದರೆ ನೀವು ಆಗಲೇ ಬಂದಿದ್ದೀರಿ, ತಡ ಆಯ್ತು ಅಂತ ಬೈತಿದ್ದೀರಿ. ನಾನೇ ಹೊತ್ತು ತಪ್ಪಿದೆ, ನಾನು ಬರೋದ್ರೊಳಗೆ ನಿಮ್ಮ ಗಾಡಿ ದಾಟಿ ಹೋಯ್ತು ಅಂದ್ಕೊಂಡೆ. ಅದಕ್ಕೆ ಮುಂದಿನ ವಾರ ಇನ್ನೂ ಬೇಗ ಬಂದು ಕೂತೆ. ಅದರ ಮುಂದಿನ ವಾರ ಅದಕ್ಕಿಂತ ಬೇಗ ಬಂದು ಕೂತೆ. ಇವತ್ತು ಕೋಳಿ ಕೂಗೋಕೆ ಮೊದಲೇ ಬಂದು ಕೂತಿದ್ದೀನಿ.”

ಸಂತೆಯಲ್ಲಿ ಯಾರೋ ಒಬ್ಬರು ನಕ್ಕರು. ಉಳಿದವರು ನಗಲಿಲ್ಲ.

“ಹೊಸ ದಾರಿ ಆಗಿರೋದು ಊರಿಗೆಲ್ಲ ಗೊತ್ತು. ನಿನಗೊಬ್ಬನಿಗೆ ಗೊತ್ತಿರಲಿಲ್ವಾ?” ಎಂದು ವ್ಯಾಪಾರಿ ಕೇಳಿದ. ಅವನ ದನಿ ಇನ್ನೂ ಜೋರಾಗಿಯೇ ಇತ್ತು. ತಪ್ಪು ತನ್ನದೆಂದು ತಿಳಿದಾಗ ದನಿ ಇನ್ನಷ್ಟು ಜೋರಾಗುವುದು ಲೋಕದ ರೂಢಿ.

“ದಾರಿ ಆಗಿದ್ದು ಗೊತ್ತಿತ್ತು. ನನ್ನ ಬಿಟ್ಟು ಹೋಗ್ತೀರಿ ಅಂತ ತೋಚಲಿಲ್ಲ. ಬರಲ್ಲ ಅಂತ ಒಂದು ಮಾತು ಹೇಳಿ ಕಳಿಸಿದ್ರೆ ಸಾಕಿತ್ತು. ನಾನು ಕಾಯೋದು ಬಿಟ್ಟು ನಡೀತಿದ್ದೆ, ನಿಮ್ಮ ಬೆಣ್ಣೆ ಗಟ್ಟಿ ಇರ್ತಿತ್ತು.”

ವ್ಯಾಪಾರಿ ಯಜಮಾನನ ಮುಖ ನೋಡಿದ. ಯಜಮಾನ ನೆಲ ನೋಡುತ್ತಿದ್ದ. ಅವನ ಬೆಲ್ಲದ ಗಾಡಿಯೂ ಒಂದು ತಿಂಗಳಿಂದ ಹೊಸ ದಾರಿಯಲ್ಲೇ ಬರುತ್ತಿತ್ತು.

ಅಡಿಗೆಯವನು ಇದಾವುದನ್ನೂ ಹಚ್ಚಿಕೊಳ್ಳಲಿಲ್ಲ. ಅವನಿಗೆ ಛತ್ರದಲ್ಲಿ ಒಲೆ ಕಾದಿತ್ತು. ಗಾಡಿಯ ಬಳಿ ಹೋಗಿ ಮೊದಲ ಮಡಕೆಯ ಗೋಣಿ ಸರಿಸಿದ. ಬೆರಳಿಡಲು ಅಲ್ಲಿ ಉಂಡೆಯೇ ಇರಲಿಲ್ಲ. ನೀರಿನ ಮೇಲೆ ಹಳದಿ ಕೆನೆಯೊಂದು ತೇಲುತ್ತಿತ್ತು. ಅವನು ಗೋಣಿಯನ್ನು ಹಾಗೇ ಮುಚ್ಚಿ ಹೊರಟುಹೋದ. ಮುಂದಿನ ವಾರದಿಂದ ಛತ್ರಕ್ಕೆ ಬೆಣ್ಣೆ ಬೇರೆ ಸೀಮೆಯಿಂದ ಬಂತು.

ಸ್ವಾಮಿಗಳು ಇಷ್ಟು ಹೇಳಿ ನಿಲ್ಲಿಸಿದರು. ಹರಳು ಕಟ್ಟಿದ ಬೆತ್ತವನ್ನು ಒಂದು ಪಕ್ಕಕ್ಕೆ ಇಟ್ಟರು.

ಗುರುಪಾದ ಮುಂದಕ್ಕೆ ಸರಿದು ಕೂತ. ಕತೆ ಮುಂದುವರಿಯಲಿಲ್ಲ.

“ಆಮೇಲೆ ಆ ವ್ಯಾಪಾರಿ ಯಾವ ದಾರೀಲಿ ಹೋದ ಬುದ್ಧಿ?” ಎಂದು ಕೇಳಿದ.

“ಮತ್ತೆ ದಾರೀನೇ ಕೇಳ್ತೀಯಲ್ಲಪ್ಪ!” ಎಂದರು ಸ್ವಾಮಿಗಳು. ಇಡೀ ಕತೆ ಬಂಡೆಯ ಮೇಲೆ ಸುರಿದ ನೀರಾಯಿತೆಂದು ಅವರಿಗೆ ನಿಜವಾಗಿಯೂ ಬೇಸರವಾಗಿತ್ತು.

“ಅಂದ್ರೆ ಟೋಲ್ ಕಟ್ಟಬಾರದು ಅಂತ ತಾನೇ ನೀವು ಹೇಳೋದು?”

“ನಾನೆಲ್ಲಿ ಹಾಗಂದೆ? ಹೆರಿಗೆ ನೋವು ಬಂದವಳನ್ನ ಕೂರಿಸ್ಕೊಂಡ ದಿನ ಎರಡರಷ್ಟು ಕಟ್ಟಿಯಾದರೂ ಹೋಗು. ದಾರಿ ಇರೋದೇ ಹೋಗೋಕೆ.”

ಗುರುಪಾದನಿಗೆ ಸಮಾಧಾನವಾಯಿತು. ಪಾರುಪತ್ತೇಗಾರರಿಗೆ ಹೇಳಲು ಒಂದು ಮಾತು ಸಿಕ್ಕಿತು ಎಂದುಕೊಂಡ. ಎದ್ದು ಕೈ ಮುಗಿದ.

“ಸರಿ ಬುದ್ಧಿ. ಆ ವ್ಯಾಪಾರಿ ಥರ ನಾನೇನೂ ತಪ್ಪು ಮಾಡಿಲ್ಲ. ನನ್ನ ದಾರೀಲಿ ಕಾದು ಕೂರೋ ತೂಕದವನು ಯಾರೂ ಇಲ್ಲ” ಎಂದ.

“ಹಳೇ ರಸ್ತೆ ಸೇತುವೆ ಹತ್ತಿರ ಮಂಗಳವಾರ ಮಂಗಳವಾರ ದಾಸೋಹಕ್ಕೆ ಅಂತ ಸೊಪ್ಪು ಹಿಡ್ಕೊಂಡು ನಿಲ್ತಾಳಲ್ಲ ಗಂಗಮಾಳಮ್ಮ, ನಿನ್ನೆ ಅಷ್ಟು ದೂರದಿಂದ ನಡ್ಕೊಂಡೇ ಬಂದಿದ್ದಳು, ನಿನಗೆ ಮೈ ಹುಷಾರಿಲ್ವಾ ಅಂತ ಕೇಳ್ಕೊಂಡು ಹೋಗೋಕೆ” ಎಂದರು ಸ್ವಾಮಿಗಳು.